ಒಂದು ಗಾಡಿ ಹಿಂದೆ ಉಳಿದ ತೂಕ

ಈ ಕಲಿಕೆಗೆ ನಾನು ಕೊಟ್ಟ ಬೆಲೆ ಒಂದು ಮೆಕ್ಕೆಜೋಳದ ಸುಗ್ಗಿ ಮತ್ತು ಶಿಕಾರಿಪುರದ ನನ್ನ ಅತಿ ದೊಡ್ಡ ಗಿರಾಕಿ. ಕೋರ್ಸಿನ ಫೀಸು, ಹೊಸ ಲ್ಯಾಪ್‌ಟಾಪು ಇವನ್ನೆಲ್ಲ ನಾನು ಖರ್ಚು ಎಂದು ಹಿಡಿಯುವುದಿಲ್ಲ. ದುಡಿದರೆ ಅವು ವಾಪಸು ಬರುತ್ತವೆ. ಹೋದ ಸುಗ್ಗಿ ಹಾಗಲ್ಲ. ಯಾಕೆ ಹೋಯಿತು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತೇನೆಂದು ಕೂತವನು, ಅದಕ್ಕೆ ನನ್ನ ಹಳೆಯ ಭಾಷೆಯ ನಡಿಗೆಯನ್ನೇ ಕಲಿಸಲು ಹೊರಟಿದ್ದೆ. ಅದು ಕಲಿಯಲಿಲ್ಲ. ನಾನು ಕಲಿಯುವ ಹೊತ್ತಿಗೆ ಸುಗ್ಗಿ ಮುಗಿದಿತ್ತು.

ನನ್ನ ಕೆಲಸ ವೇಬ್ರಿಡ್ಜ್‌ಗಳಿಗೆ ತೂಕದ ಪ್ರೋಗ್ರಾಂ ಬರೆದುಕೊಡುವುದು. ಲಾರಿ, ಟ್ರ್ಯಾಕ್ಟರುಗಳನ್ನು ಹತ್ತಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು, ಪಕ್ಕದಲ್ಲಿ ಒಂದು ಕ್ಯಾಬಿನ್, ಕ್ಯಾಬಿನ್ನಿನಲ್ಲಿ ಕೆಂಪು ಅಂಕಿ ತೋರಿಸುವ ಇಂಡಿಕೇಟರ್ ಪೆಟ್ಟಿಗೆ, ಅದರಿಂದ ಕಂಪ್ಯೂಟರಿಗೆ ಒಂದು ವೈರು. ಆ ವೈರಿನಲ್ಲಿ ಬರುವ ತೂಕವನ್ನು ಹಿಡಿದು, ಗಾಡಿ ನಂಬರಿನ ಜೊತೆ ಸೇರಿಸಿ, ಚೀಟಿ ಮುದ್ರಿಸುವುದು ನನ್ನ ಪ್ರೋಗ್ರಾಮಿನ ಕೆಲಸ. ಬರೆದದ್ದು ವಿಬಿ ಎಂಬ ಹಳೆಯ ಭಾಷೆಯಲ್ಲಿ. ಶಿಕಾರಿಪುರ, ಸೊರಬ ಎರಡೂ ಕಡೆ ಈ ಕೆಲಸಕ್ಕೆ ನಾನೊಬ್ಬನೇ. ಚೌಕಾಶಿಗೆ ಕೂತಾಗ ಆ 'ಒಬ್ಬನೇ' ಎಂಬುದು ನನ್ನ ಬಲವಾಗಿತ್ತು. ಬೇಕಾದರೆ ಒಪ್ಪಿ, ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಕರೆಸಿಕೊಳ್ಳಿ ಎಂದು ಎದ್ದು ನಿಲ್ಲುತ್ತಿದ್ದೆ. ಕಲಿಯಲು ಕೂತ ಮೇಲಷ್ಟೇ ಆ ಮಾತಿನ ಇನ್ನೊಂದು ಮಗ್ಗುಲು ಗೊತ್ತಾದದ್ದು.

ಶಿಕಾರಿಪುರದ ಜೋಳದ ವ್ಯಾಪಾರಿಯೊಬ್ಬರು, ಎಲ್ಲರೂ ಸಾಹುಕಾರ್ರು ಎನ್ನುವವರು, ತಮ್ಮ ಯಾರ್ಡಿಗೆ ಕರೆಸಿದರು. ಆಗಿನ್ನೂ ಹೊಲದಲ್ಲಿ ಜೋಳ ಮೊಣಕಾಲೆತ್ತರ.

"ಬರ್ರಿ ಕಂಪ್ಯೂಟರ್, ಕುಂದರ್ರಿ" ಎಂದರು. ನನ್ನ ಹೆಸರು ಆ ಯಾರ್ಡಿನಲ್ಲಿ ಅದೇ. "ಇಲ್ಲಿ ನಮ್ಮ ಗುಮಾಸ್ತರು ತೂಕ ಮಾಡ್ತಾರೆ. ನಾನು ದಾವಣಗೆರಿಯಾಗೆ ಕುಂತಿರ್ತೀನಿ. ಅಲ್ಲೇ ನನ್ನ ಫೋನಿನಾಗೆ ತೂಕ ಕಾಣ್ಬೇಕು. ಅಲ್ಲಿಂದ ಒಂದು ಕಂಪನಿಯೋರು ಬಂದು ಮಾಡಿ ತೋರ್ಸಿ ಹೋದ್ರು. ನಿಮ್ಮ ಕೈಯಾಗೆ ಆಗುತ್ತೋ ಇಲ್ಲೋ?"

"ಆಗುತ್ತೆ ಸಾಹುಕಾರ್ರೆ."

"ಆಗುತ್ತೆ ಅನ್ನೋರು ಭಾಳ ಮಂದಿ ಅದಾರೆ. ಯಾವಾಗ?"

"ಜೋಳ ಬರೋ ಹೊತ್ತಿಗೆ."

"ಗಿಡದಾಗಿನ ಜೋಳನೋ, ಗಾಡಿಯಾಗಿನ ಜೋಳನೋ?"

ಗುಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ನಕ್ಕುಕೊಂಡೇ ಗಟ್ಟಿ ಚೌಕಾಶಿ ಮಾಡಿದೆ: ಸುಗ್ಗಿ ಶುರುವಾಗುವವರೆಗೆ ಆ ಕಂಪನಿಯವರನ್ನು ಒಳಗೆ ಬಿಡಬಾರದು, ನನ್ನದು ಕೂತ ಮೇಲೆ ಸಾಹುಕಾರರ ಇನ್ನೊಂದು ಯಾರ್ಡನ್ನೂ ನನಗೇ ಕೊಡಬೇಕು. ಒಪ್ಪಿದರು. ಏಳುವಾಗ ಕೇಳಿದರು: "ಹಳೇದೂ ಒಂದು ಕಡಿಗೆ ಇರ್ಲೇನ್ರಿ?"

"ಬೇಡ. ಎರಡಿದ್ರೆ ನಿಮ್ಮೋರು ಹಳೇದನ್ನೇ ಒತ್ತುತಾರೆ" ಎಂದೆ. ಮಾತು ನಿಜ. ಆದರೆ ಗೆದ್ದ ಸಂತೋಷದಲ್ಲಿ ಆಡಿದ್ದು.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ವಾಸ, ಅಲ್ಲೇ ಕೆಲಸ. ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ, ರಾಯಚೂರು ಕಡೆ ಇದ್ದಾಳೆ. ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದೇವೆ. ಹಗಲಿಡೀ ಕೆಳಗೆ ಟೈರು ಬಿಚ್ಚುವ ಸದ್ದು, ಮೇಲೆ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋರ್ಸಿನ ವಿಡಿಯೋ ನೋಡುವುದು. ಮೊದಲು ಹಿಡಿದ ಫ್ರೇಮ್‌ವರ್ಕು, ಅಂದರೆ ಪ್ರೋಗ್ರಾಂ ಕಟ್ಟುವ ಸಿದ್ಧ ಚೌಕಟ್ಟು, ಅರ್ಧ ಮುಗಿಯುವಷ್ಟರಲ್ಲಿ ಪಾಠ ಮಾಡುವವನೇ, ಇದರ ಹೊಸ ಆವೃತ್ತಿಯಲ್ಲಿ ಈ ಪದ್ಧತಿ ಇಲ್ಲ, ಹೊಸ ವಿಡಿಯೋ ನೋಡಿ ಎಂದ. ಹೊಸದರಲ್ಲಿ ಅವನ ಪರದೆಯ ಮೇಲಿದ್ದ ಬಟನ್ ನನ್ನ ಪರದೆಯಲ್ಲಿ ಇರಲಿಲ್ಲ. ಅದನ್ನು ಬಿಟ್ಟು ಇನ್ನೊಂದು ಹಿಡಿದೆ. ಅದನ್ನೂ ಬಿಟ್ಟು ಬರಿಯ ಜಾವಾಸ್ಕ್ರಿಪ್ಟ್ ಭಾಷೆಯೇ ಸಾಕು ಎಂದು ಕೂತೆ. ಭಾಷೆಯ ಮೊದಲ ಅಧ್ಯಾಯಗಳನ್ನು ಮಾತ್ರ ಹಾರಿಸಿದೆ. ಇಷ್ಟು ವರ್ಷ ಪ್ರೋಗ್ರಾಂ ಬರೆದವನಿಗೆ ಅಆಇಈ ಯಾಕೆ ಎಂಬ ಧಿಮಾಕು.

ಕೆಲಸ ಕಷ್ಟ ಎನ್ನುವುದಕ್ಕಿಂತ, ಆ ಕಷ್ಟವನ್ನು ಹೇಳಿಕೊಳ್ಳಲು ಜನ ಇರಲಿಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಯವರು ಪ್ರಿಂಟರಿಗೆ ಇಂಕು ತುಂಬುವವರು, ಆಧಾರ್ ತಿದ್ದುಪಡಿ ಮಾಡುವವರು. ಚಹಾದಂಗಡಿಯಲ್ಲಿ ಮಳೆ, ದರ, ಸೊಸೈಟಿ ಚುನಾವಣೆ ಎಲ್ಲಕ್ಕೂ ಕಿವಿ ಇತ್ತು. ಅಲ್ಲಿ ನಾನು ಬಾಯಿ ಬಿಟ್ಟು, ಬೆಳಗಿನಿಂದ ಒಂದು ಫಂಕ್ಷನ್ ಖಾಲಿ ಉತ್ತರ ಕೊಡುತ್ತಿದೆ ಎಂದರೆ ಯಾರು ಏನು ಹೇಳಿಯಾರು? ಇಂಟರ್ನೆಟ್ಟಿನ ವೇದಿಕೆಯೊಂದರಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದೆ. ಈ ಪ್ರಶ್ನೆಗೆ ಮೊದಲೇ ಉತ್ತರವಿದೆ, ಹುಡುಕಿ ಎಂದು ಯಾರೋ ಮುಚ್ಚಿಬಿಟ್ಟರು. ಹುಡುಕಿದೆ. ಯಾವ ಪದ ಹಾಕಿ ಹುಡುಕಬೇಕು ಎಂಬುದೇ ಗೊತ್ತಿರಲಿಲ್ಲ.

ಸಂಜೆ ಹೆಂಡತಿಯ ಫೋನು ಬರುತ್ತಿತ್ತು. ಊಟ, ಬಟ್ಟೆ ಎಲ್ಲ ಕೇಳಿದ ಮೇಲೆ "ಎಲ್ಲಿಗೆ ಬಂತು?" ಎನ್ನುತ್ತಿದ್ದಳು.

"ಹಳೇದನ್ನ ಸಾಲು ಸಾಲಾಗಿ ಹೊಸದಕ್ಕೆ ಇಳಿಸ್ತಾ ಇದೀನಿ. ಅರ್ಧ ಆಯ್ತು."

"ಕಾಪಿ ಹೊಡೀತಿದೀರಿ ಅನ್ನಿ."

"ನಂದೇ ಅಲ್ವೇನೆ? ನನ್ನ ಉತ್ತರ ನಾನು ನೋಡಿ ಬರ್ಕೊಂಡ್ರೆ ಅದು ಕಾಪಿನಾ?"

"ಪ್ರಶ್ನೆ ಬೇರೆ ಆದ್ರೆ ಕಾಪೀನೇ" ಎಂದು ನಕ್ಕಳು. ಶಿಕ್ಷಕರ ಹಾಸ್ಯ ಎಂದುಕೊಂಡು ಬಿಟ್ಟೆ.

ಪರದೆಯ ಎಡಗಡೆ ಹಳೆಯ ಪ್ರೋಗ್ರಾಂ, ಬಲಗಡೆ ಹೊಸದು. ಹಳೆಯದರ ಜೀವ ಮೂರು ಸಾಲಿನಲ್ಲಿತ್ತು: ಇಂಡಿಕೇಟರಿನಿಂದ ತೂಕ ಕೇಳು, ಬಂದ ತೂಕವನ್ನು ಇಟ್ಟುಕೋ, ಚೀಟಿ ಮುದ್ರಿಸು. ಹೊಸದರಲ್ಲೂ ಅದೇ ಮೂರು ಸಾಲು ಇಳಿಸಿದೆ. ಕೋರ್ಸಿನವನು ಹೇಳಿದ್ದನೆಂದು ಒಂದು ಕಾವಲು ಸಾಲನ್ನೂ ಸೇರಿಸಿದೆ: ತೂಕ ಸೊನ್ನೆಯಾಗಿದ್ದರೆ ಚೀಟಿ ಕೊಡಬೇಡ, 'ತೂಕ ಬಂದಿಲ್ಲ' ಎಂದು ತೋರಿಸು.

ಈ ಕಾವಲು ಸಾಲಿಗೆ ಮೊದಲ ಆಕ್ಷೇಪ ಬಂದದ್ದು ಗುಮಾಸ್ತರಿಂದ. ನಮ್ಮ ಕಡೆಯ ವೇಬ್ರಿಡ್ಜ್‌ಗಳಲ್ಲಿ ಬೆಳಗ್ಗೆ ಹಾಸನ್ನು ಗುಡಿಸಿ, ಊದುಬತ್ತಿ ಹಚ್ಚಿ, ಖಾಲಿ ಹಾಸಿನ ಮೇಲೆ ಒಂದು ಚೀಟಿ ತೆಗೆಯುತ್ತಾರೆ. ಗಾಡಿ ನಂಬರಿನ ಜಾಗದಲ್ಲಿ 'ಶ್ರೀ', ತೂಕ ಸೊನ್ನೆ. ಅದು ಬೋಣಿ ಚೀಟಿ, ದೇವರ ಫೋಟೋಕ್ಕೆ ಸಿಕ್ಕಿಸುವುದು. ಗುಮಾಸ್ತರು ಒತ್ತಿದರು. 'ತೂಕ ಬಂದಿಲ್ಲ' ಎಂದಿತು.

"ಬರ್ಬಾರ್ದುರೀ ಅದು. ದೇವ್ರಿಗೆ ಎಲ್ಲಿ ತೂಕ?" ಎಂದರು.

"ಸೊನ್ನೆ ತೂಕದ ಚೀಟಿ ಚೀಟಿ ಅಲ್ಲ ಗುಮಾಸ್ತರೆ. ಅದೊಂದನ್ನ ಕೈಯಲ್ಲಿ ಬರೆದಿಡಿ."

ಬರೆದಿಟ್ಟರು. ಮುಖ ಮಾತ್ರ ಗಂಟು.

ಪರೀಕ್ಷೆಗೆ ಸಾಹುಕಾರರ ಸ್ವಂತ ಲಾರಿಯನ್ನು ಹತ್ತಿಸಿದೆವು. ಬಟನ್ ಒತ್ತಿದರೆ 'ತೂಕ ಬಂದಿಲ್ಲ'. ಇನ್ನೊಮ್ಮೆ ಒತ್ತಿದರೆ ಸರಿಯಾದ ತೂಕ. ಲಾರಿ ಇಳಿಸಿ ಹತ್ತಿಸಿ ಮತ್ತೆ ಮತ್ತೆ ತೂಗಿದೆವು. ಅದೇ ತೂಕ, ತಪ್ಪಿಲ್ಲ. ಲಾರಿಯ ಖಾಲಿ ತೂಕ ನೋಡಲು ಮರುದಿನ ಬಂದು ಕಂಪ್ಯೂಟರನ್ನು ಮತ್ತೆ ಆನ್ ಮಾಡಿದೆ. ಮೊದಲ ಸಲ 'ಬಂದಿಲ್ಲ', ಎರಡನೇ ಸಲ ಸರಿ. ವೈರಿನ ತಡ ಇರಬೇಕು ಎಂದುಕೊಂಡೆ. "ಬಂದಿಲ್ಲ ಅಂದ್ರೆ ಇನ್ನೊಂದು ಸಲ ಒತ್ತಿ" ಎಂದು ಗುಮಾಸ್ತರಿಗೆ ಹೇಳಿಕೊಟ್ಟೆ. ದಾವಣಗೆರೆಯಿಂದ ಸಾಹುಕಾರರ ಫೋನು ಬಂತು: "ಕಂಪ್ಯೂಟರ್, ಕಾಣ್ತೈತ್ರಿ!" ಆ ಮಧ್ಯಾಹ್ನ ನಾನು ಹೋಟೆಲಿನಲ್ಲಿ ಒಬ್ಬನೇ ಕೂತು ಹೋಳಿಗೆ ಊಟ ಮಾಡಿದೆ.

ಸುಗ್ಗಿ ಬಂತು. ನಾನು ಕ್ಯಾಬಿನ್ನಿನಲ್ಲೇ ಇದ್ದೆ. ಮೊದಲ ಕೆಲವು ದಿನ ಗಾಡಿಗಳು ಒಂದೊಂದಾಗಿ ಬಂದವು, ಗುಮಾಸ್ತರು ಅಭ್ಯಾಸಬಲದಿಂದ ಎರಡೆರಡು ಸಲ ಒತ್ತಿ ಎರಡನೆಯ ಚೀಟಿಯನ್ನೇ ಕೊಟ್ಟರು, ತೊಂದರೆಯಾಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಟ್ರ್ಯಾಕ್ಟರುಗಳ ಸಾಲು ಶಿರಾಳಕೊಪ್ಪ ರಸ್ತೆಗೆ ತಾಗಿತು. ಹಾರ್ನು, ಧೂಳು, ಬೈಗುಳ. ಎರಡು ಸಲ ಒತ್ತಲು ಯಾರಿಗೆ ಪುರುಸೊತ್ತು? ಗುಮಾಸ್ತರು ಒಮ್ಮೆ ಒತ್ತುವುದು, ಚೀಟಿ ಹರಿಯುವುದು, ಕಿಟಕಿಯಿಂದ ಚಾಚುವುದು, 'ಮುಂದೆ' ಎನ್ನುವುದು. ಮೊದಲ ಗಾಡಿಗೆ ಬಿಟ್ಟರೆ 'ತೂಕ ಬಂದಿಲ್ಲ' ಎಂಬ ಮಾತು ಪರದೆಯ ಮೇಲೆ ಬರಲೇ ಇಲ್ಲ. ಪ್ರೋಗ್ರಾಂ ಪಳಗಿತು ಎಂದುಕೊಂಡೆ.

ಹೊತ್ತು ಏರಿದ ಮೇಲೆ ಮೂಟೆ ತುಂಬಿದ ಲಾರಿಯೊಂದು ಹೊರಗೆ ಹೋಗಲು ಹಾಸಿನ ಮೇಲೆ ಬಂದು ತೂಗಿಸಿಕೊಂಡು ಹೋಯಿತು. ಅದರ ಹಿಂದೆಯೇ ರೈತನೊಬ್ಬನ ಟ್ರ್ಯಾಕ್ಟರ್ ಹತ್ತಿತು. ಚೀಟಿ ಕೊಟ್ಟರು. ಆತ ಅದನ್ನು ಹಣೆಯ ಹತ್ತಿರ ಹಿಡಿದು ಓದಿ ಕೂಗಿದ: "ಯಪ್ಪಾ, ನನ್ನ ಟ್ರ್ಯಾಕ್ಟ್ರು ಲಾರಿ ಆಗೇತಲ್ರೋ! ಹಿಂಗೇ ತೂಗ್ರಿ ಗುಮಾಸ್ತ್ರೇ, ಮಧ್ಯಾನ ಇನ್ನೊಂದು ಟ್ರಿಪ್ ತರ್ತೀನಿ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಗಲೇ ತೂಗಿಸಿ ಪಕ್ಕದಲ್ಲಿ ನಿಂತಿದ್ದ ಒಬ್ಬ ತನ್ನ ಚೀಟಿಯನ್ನು ಬಿಚ್ಚಿ ನೋಡುತ್ತ ಮೆಲ್ಲಗೆ ಕೇಳಿದ: "ಹಂಗಾರೆ ನಂದ್ರಾಗಿರೋದು ಯಾರ ತೂಕ?"

ನಗು ನಿಂತಿತು.

ಬೆಳಗಿನಿಂದ ತೂಗಿದವರೆಲ್ಲ ಕ್ಯಾಬಿನ್ನಿನ ಕಿಟಕಿಗೆ ಮುತ್ತಿದರು. ಇನ್ನೂ ಇಳಿಸದಿದ್ದ ಗಾಡಿಗಳನ್ನು ಮತ್ತೆ ಹತ್ತಿಸಬಹುದಿತ್ತು. ಇಳಿಸಿದವರ ಜೋಳ ರಾಶಿಯಲ್ಲಿ ಬೆರೆತುಹೋಗಿತ್ತು. ಅದನ್ನು ಯಾವ ಹಾಸೂ ಬೇರ್ಪಡಿಸಿ ತೂಗಲಾರದು. ಸಾಹುಕಾರರು ಬಂದರು. ರೈತರು ಹೇಳಿದ ಅಂದಾಜನ್ನೇ ಒಪ್ಪಿ ಸಮಾಧಾನ ಮಾಡಿದರು. ನನ್ನ ಕಡೆ ತಿರುಗಿ ಒಂದೇ ಮಾತು: "ನಿಮ್ಮ ಹಳೇದು ಹಾಕ್ರಿ."

ಹಳೆಯದು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಕೋಣೆಗೆ ಹೋಗಿ ತಂದು, ಅದು ಕೇಳುವ ಹಳೆಯ ಫೈಲುಗಳನ್ನೆಲ್ಲ ಹುಡುಕಿ ಕೂರಿಸುವಷ್ಟರಲ್ಲಿ ಅರ್ಧ ಸಾಲು ಬೇರೆ ವ್ಯಾಪಾರಿಯ ಯಾರ್ಡಿಗೆ ತಿರುಗಿತ್ತು. ಉಳಿದವರಿಗೆ ಗುಮಾಸ್ತರು ಕೆಂಪು ಅಂಕಿ ನೋಡಿ ಕೈಯಲ್ಲಿ ಚೀಟಿ ಬರೆದುಕೊಟ್ಟರು. ಮರುದಿನ ಬೆಳಗ್ಗೆ ನಾನು ಹೋದಾಗ ಯಾರ್ಡಿನೊಳಗೆ ದಾವಣಗೆರೆ ಕಂಪನಿಯವರ ಜೀಪು ನಿಂತಿತ್ತು. ಗೇಟಿನಿಂದಲೇ ಹಿಂದಿರುಗಿದೆ.

ಸುಗ್ಗಿಯಲ್ಲಿ ನನ್ನ ಫೋನು ಬೆಳಗಾಗುವ ಮೊದಲೇ ಬಡಿದುಕೊಳ್ಳಬೇಕು. ಚೀಟಿ ಬರ್ತಿಲ್ಲ, ಪ್ರಿಂಟರ್ ಕಾಗದ ನುಂಗೈತೆ, ಅಂಕಿ ಕುಣೀತೈತೆ. ಈ ಸಲ ಸುಮ್ಮನಿತ್ತು. ಮಾತು ಗಾಡಿಗಿಂತ ಬೇಗ ಊರೂರಿಗೆ ಹೋಗುತ್ತದೆ. ನನ್ನ ಉಳಿದ ಗಿರಾಕಿಗಳು ಹಳೆಯದನ್ನೇ ಬದಲಿಸದೆ ಓಡಿಸುತ್ತ, ನನ್ನನ್ನೂ ಕರೆಯದೆ ದಿನ ದೂಡುತ್ತಿದ್ದರು. ಫೋನೇ ಕೆಟ್ಟಿದೆಯೇನೋ ಎಂದು ಕೆಳಗಿನ ಟೈರ್ ಅಂಗಡಿಯವರಿಂದ ನನಗೆ ಕರೆ ಮಾಡಿಸಿದೆ. ಚೆನ್ನಾಗಿಯೇ ಬಡಿದುಕೊಂಡಿತು. ಅವರು ಅಲ್ಲಿಂದಲೇ ಕೈ ಎತ್ತಿ "ಬಂತಲ್ರೀ?" ಎಂದರು. ಬಂತು ಎಂದೆ.

ತಪ್ಪು ಎಲ್ಲಿದೆ ಎಂದು ಹುಡುಕುವುದೊಂದೇ ಉಳಿದ ಕೆಲಸ. ನಾನು ಹಾರ್ಡ್‌ವೇರ್ ಗೊತ್ತಿರುವವನು, ಅದಕ್ಕೇ ವೈರನ್ನು ಅನುಮಾನಿಸಿದೆ. ಶಿವಮೊಗ್ಗಕ್ಕೆ ಹೋಗಿ ಹೊಸ ಕನ್ವರ್ಟರ್ ಕೇಬಲ್ ತಂದೆ. ಅರ್ಥಿಂಗ್ ನೋಡಿದೆ. ಮೇಜಿನ ಮೇಲೆ ಹಳೆಯ ಇಂಡಿಕೇಟರ್ ಒಂದನ್ನು ಇಟ್ಟುಕೊಂಡು ಒತ್ತಿ ಒತ್ತಿ ನೋಡಿದೆ. ಮೇಜಿನ ಮೇಲೆ ಯಾವ ಗಾಡಿಯೂ ಹತ್ತಿ ಇಳಿಯುವುದಿಲ್ಲವಲ್ಲ, ಅಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹೆಂಡತಿಗೆ ಹೇಳಿದೆ. "ಮಕ್ಕಳು ಮನೇಲಿ ಸರಿ ಹೇಳ್ತಾರೆ, ತರಗತೀಲಿ ತಪ್ಪು ಹೇಳ್ತಾರೆ. ಅಂಥದಕ್ಕೆ ತರಗತೀಲೇ ಕೂತು ನೋಡ್ಬೇಕು" ಎಂದಳು. ಎಲ್ಲಿ ಕೂರಲಿ? ಯಾವ ಕ್ಯಾಬಿನ್ನಿನವರು ನನ್ನನ್ನು ಒಳಗೆ ಬಿಟ್ಟಾರು?

ಭತ್ತದ ಕೊಯ್ಲು ಶುರುವಾದ ಹೊತ್ತಿಗೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆಗೆ ಹೋದೆ. ಅಲ್ಲೊಂದು ಅಕ್ಕಿ ಮಿಲ್ಲು, ಎದುರಿಗೇ ಅವರದೇ ವೇಬ್ರಿಡ್ಜ್. ಮಿಲ್ಲಿನ ಯಜಮಾನತಿಯೇ ಕ್ಯಾಬಿನ್ನಿನಲ್ಲಿ ಕೂತು ತೂಗುತ್ತಾರೆ, ಎಲ್ಲರಿಗೂ ಅಕ್ಕ. ನನ್ನನ್ನು ಕಂಡದ್ದೇ ಕನ್ನಡಕ ಕೆಳಗಿಳಿಸಿದರು.

"ಶಿಕಾರಿಪುರದಲ್ಲಿ ಟ್ರ್ಯಾಕ್ಟರಿಗೆ ಲಾರಿ ತೂಕ ಕೊಟ್ರಂತೆ? ಇಲ್ಲಿ ಎತ್ತಿನಗಾಡಿಗೆ ರೈಲಿಂದು ಕೊಡಕ್ಕೆ ಬಂದ್ರಾ ಎಂಥ?"

"ಅಕ್ಕ, ಹೊಸದನ್ನ ಹಾಕಲ್ಲ. ಪಕ್ಕಕ್ಕೆ ಇಡ್ತೀನಿ ಅಷ್ಟೇ. ಒಂದೇ ವೈರನ್ನ ಕವಲು ಮಾಡಿ ಎರಡು ಕಂಪ್ಯೂಟರಿಗೂ ಕೊಡ್ತೀನಿ. ಗಾಡಿಯವರಿಗೆ ಹಳೇ ಚೀಟಿನೇ ಹೋಗ್ಲಿ. ಹೊಸ ಚೀಟಿ ನನಗೆ."

"ಅದರಿಂದ ನನಗೆಂಥ ಲಾಭ?"

"ಈ ಸುಗ್ಗಿ ಪೂರ್ತಿ ನಾನು ಇಲ್ಲೇ ಇರ್ತೀನಿ. ಏನೇ ಕೆಟ್ರೂ ಕೂತ ಜಾಗದಲ್ಲೇ ರಿಪೇರಿ."

"ಕೆಡದು ನೀವು ಬಂದ್ಮೇಲೇ ಅಲ್ವಾ ಮಾರಾಯ್ರೆ?" ಕನ್ನಡಕ ಮತ್ತೆ ಏರಿಸಿಕೊಂಡರು. "ನಾನು ಊಟಕ್ಕೆ ಹೋದಾಗ ತೂಕಕ್ಕೆ ನೀವು ಕೂರ್ಬೇಕು. ಭತ್ತದ ಧೂಳಿಗೆ ಕೆಮ್ತೀನಿ ಅನ್ನಂಗಿಲ್ಲ. ಮತ್ತೆ ಬೆಳಿಗ್ಗೆ ನಮ್ಮ ದೇವರ ಚೀಟಿ ಎರಡರಲ್ಲೂ ಬರ್ಬೇಕು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದೇ ಇರದು ಶುಭ ಅಲ್ಲ."

ಕೊನೆಯ ಷರತ್ತು ನನಗೆ ಚಿಲ್ಲರೆ ಎನಿಸಿತು. ಚೌಕಾಶಿಯಲ್ಲಿ ಚಿಲ್ಲರೆ ಬಿಟ್ಟುಕೊಟ್ಟರೆ ಎದುರಿನವರಿಗೆ ಗೆದ್ದ ಖುಷಿ ಸಿಗುತ್ತದೆ. ಅಲ್ಲೇ ಕೂತು ಸೊನ್ನೆಯ ಕಾವಲು ಸಾಲನ್ನು ಅಳಿಸಿದೆ.

ಮರುದಿನ ಬೆಳಗ್ಗೆ ಅಕ್ಕ ಹಾಸನ್ನು ಗುಡಿಸಿ, ವಿಭೂತಿ ಧರಿಸಿ, ಊದುಬತ್ತಿ ಹಚ್ಚಿ ಬಂದರು. ಹಳೆಯದರಲ್ಲಿ 'ಶ್ರೀ' ಒತ್ತಿದರು, ಸೊನ್ನೆ. ಹೊಸದರಲ್ಲಿ ನಾನು ಒತ್ತಿದೆ, ಸೊನ್ನೆ. ಎರಡನ್ನೂ ಫೋಟೋಕ್ಕೆ ಸಿಕ್ಕಿಸಿದರು. ಭತ್ತದ ಟ್ರ್ಯಾಕ್ಟರ್ ಒಂದು ಹತ್ತಿತು. ಹಳೆಯದರಲ್ಲಿ ಸರಿಯಾದ ತೂಕ ಬಂತು. ಹೊಸದರಲ್ಲಿ ಮತ್ತೆ ಸೊನ್ನೆ.

ಅಕ್ಕ ನನ್ನ ಚೀಟಿಯನ್ನು ಎತ್ತಿ ಹಿಡಿದರು. "ನಿಮ್ಮ ಕಂಪ್ಯೂಟ್ರು ಭಾಳ ಭಕ್ತಿಯದ್ದು ಕಣ್ರೀ. ಟ್ರ್ಯಾಕ್ಟರನ್ನೂ ದೇವರು ಮಾಡ್ತು!"

ಟ್ರ್ಯಾಕ್ಟರಿನವನು ಒಳಗೆ ಇಣುಕಿ, ಹಾಗಾದರೆ ನನಗೂ ಒಂದು ಮಂಗಳಾರತಿ ಎತ್ತಿ ಎಂದ. ನನಗೆ ನಗು ಬರಲಿಲ್ಲ. ಮುಂದಿನ ಗಾಡಿ ಹತ್ತಲಿ ಎಂದು ಕಾದೆ. ಹತ್ತಿತು. ಹೊಸ ಚೀಟಿಯಲ್ಲಿ ಬಂದದ್ದು ಹಿಂದಿನ ಟ್ರ್ಯಾಕ್ಟರಿನ ತೂಕ, ಒಂದು ಕಿಲೋ ಹೆಚ್ಚುಕಮ್ಮಿ ಇಲ್ಲದೆ. ಅದರ ಮುಂದಿನದಕ್ಕೆ ಅದರ ಹಿಂದಿನದು. ನನ್ನ ಪ್ರೋಗ್ರಾಂ ತಪ್ಪು ತೂಕ ಕೊಡುತ್ತಿರಲಿಲ್ಲ. ಸರಿಯಾದ ತೂಕವನ್ನೇ ಒಂದು ಗಾಡಿ ತಡವಾಗಿ ಕೊಡುತ್ತಿತ್ತು.

ಕಾರಣ ಆ ಮೂರು ಸಾಲಿನಲ್ಲೇ ಇತ್ತು. ನನ್ನ ಹಳೆಯ ಭಾಷೆ ಒಂದು ಸಾಲು ಮುಗಿಯುವವರೆಗೆ ಮುಂದಿನದಕ್ಕೆ ಕಾಲಿಡುವುದಿಲ್ಲ. ತೂಕ ಕೇಳು ಎಂದರೆ ಕೇಳಿ, ಬರುವವರೆಗೆ ನಿಂತು, ತಂದುಕೊಟ್ಟು, ಆಮೇಲೆ ಮುದ್ರಿಸುತ್ತದೆ. ಹೊಸದು ಹಾಗಲ್ಲ. ತೂಕ ತರಲು ಆಳನ್ನು ಕಳಿಸಿ, ಅವನು ಬಾಗಿಲು ದಾಟುವ ಮೊದಲೇ ಕೈಯಲ್ಲಿ ಏನಿದೆಯೋ ಅದನ್ನು ಮುದ್ರಿಸಿಬಿಡುತ್ತದೆ. ಕೈಯಲ್ಲಿ ಇರುವುದು ಹಿಂದಿನ ಗಾಡಿಯದು. ಶಿಕಾರಿಪುರದಲ್ಲಿ ಬೆಳಗ್ಗೆ ಕೈ ಖಾಲಿ ಇದ್ದಾಗ ಕಾವಲು ಸಾಲು ಅಡ್ಡ ಬಂದು 'ಬಂದಿಲ್ಲ' ಎನ್ನುತ್ತಿತ್ತು, ಮತ್ತೆ ಒತ್ತುವಷ್ಟರಲ್ಲಿ ಆಳು ಬಂದಿರುತ್ತಿದ್ದ. ತಪ್ಪನ್ನು ಹಿಡಿಯಲೆಂದು ಇಟ್ಟ ಕಾವಲೇ ಅದನ್ನು ಮುಚ್ಚಿಟ್ಟಿತ್ತು. ಅದನ್ನು ತೆಗೆದು ದೇವರ ಚೀಟಿಗೆ ದಾರಿ ಬಿಟ್ಟಕೂಡಲೆ ತಪ್ಪು ತಾನಾಗಿ ಹೊರಗೆ ಬಂತು. ಹೊಸ ಭಾಷೆಯ ಈ ನಡಿಗೆ ಯಾವ ಗುಟ್ಟೂ ಅಲ್ಲ. ನಾನು ಹಾರಿಸಿದ್ದ ಮೊದಲ ಅಧ್ಯಾಯಗಳಲ್ಲೇ ಬರೆದಿತ್ತು.

ಗೊತ್ತಾದ ತಕ್ಷಣ ನಾನು ಮಾಡಿದ್ದು ತೇಪೆ. ಕೇಳಿದ ಮೇಲೆ ಅರ್ಧ ಸೆಕೆಂಡು ಕಾಯಿ, ಆಮೇಲೆ ಮುದ್ರಿಸು. ಆ ದಿನವೆಲ್ಲ ಎರಡೂ ಚೀಟಿ ಸರಿಹೊಂದಿದವು. ಮರುದಿನ ಅಂಬ್ಲಿಗೊಳ ಜಲಾಶಯದ ಕೆಳಗಿನ ಗದ್ದೆಗಳ ಭತ್ತ ಹೊತ್ತ ಭಾರಿ ಲಾರಿಯೊಂದು ಬ್ರೇಕು ಒತ್ತಿ ನಿಂತಿತು. ಹಾಸು ತೂಗಾಡಿತು, ಅಂಕಿ ನಿಲ್ಲಲು ಹೊತ್ತು ಹಿಡಿಯಿತು, ಅರ್ಧ ಸೆಕೆಂಡು ಮುಗಿದುಹೋಗಿತ್ತು. ಮತ್ತೆ ಹಿಂದಿನ ಗಾಡಿಯ ತೂಕ. ಅಕ್ಕ ಎರಡೂ ಚೀಟಿಗಳನ್ನು ನನ್ನ ಮುಂದೆ ಅಕ್ಕಪಕ್ಕ ಇಟ್ಟರು. ಅಷ್ಟೇ.

ಅರ್ಧ ಸೆಕೆಂಡನ್ನು ಎರಡು ಮಾಡಬಹುದಿತ್ತು. ಮೂರು ಮಾಡಬಹುದಿತ್ತು. ಹೊಸ ಭಾಷೆಯನ್ನು ಹಳೆಯದರ ಹಾಗೆ ನಿಲ್ಲಿಸಿ ಕಾಯಿಸುವ ಉಪಾಯಗಳು ಎಷ್ಟು ಬೇಕಾದರೂ ಇದ್ದವು, ಪ್ರತಿಯೊಂದೂ ಒಂದಲ್ಲ ಒಂದು ಲಾರಿಗೆ ಕೈಕೊಡುತ್ತಿತ್ತು. ಆ ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದರು. ಕ್ಯಾಬಿನ್ನಿನಲ್ಲಿ ನಾನು, ಎರಡು ಕಂಪ್ಯೂಟರು, ಹೊರಗೆ ಖಾಲಿ ಹಾಸು. ಮಳೆಗಾಲದಿಂದ ಬರೆದ ಪೂರ್ತಿ ಪ್ರೋಗ್ರಾಮನ್ನು ಅಳಿಸಿಬಿಟ್ಟೆ. ನಕಲು ಇಟ್ಟುಕೊಳ್ಳಲಿಲ್ಲ; ಇಟ್ಟುಕೊಂಡರೆ ಮತ್ತೆ ಪರದೆಯ ಎಡಗಡೆ ತೆರೆದುಕೊಳ್ಳುತ್ತೇನೆಂದು ನನಗೆ ಗೊತ್ತಿತ್ತು. ಅಳಿಸಿದ ಮೇಲೆ ಯಾರಿಗಾದರೂ ಹೇಳಬೇಕೆನಿಸಿತು. ಹೆಂಡತಿಯ ಶಾಲೆಯ ಹೊತ್ತು. ಹೊರಗೆ ಬಂದು ಹಾಸಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ಕಿಟಕಿಯಲ್ಲಿ ಕೆಂಪು ಅಂಕಿ ಅಲುಗಾಡಿ ನನ್ನೊಬ್ಬನ ತೂಕ ತೋರಿಸಿತು.

ಅಲ್ಲಿಂದ ಮುಂದೆ ಮೊದಲ ಅಧ್ಯಾಯದಿಂದ ಓದಿದೆ. ಓದಿದಷ್ಟನ್ನೇ ಬರೆದೆ. ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ: 'ಹಳೆಯದು ಏನು ಮಾಡುತ್ತಿತ್ತು' ಎನ್ನುವುದನ್ನು ಬಿಟ್ಟು, 'ಹಾಸಿನ ಮೇಲೆ ಏನಾಗುತ್ತದೆ' ಎಂದು ಕೇಳಿದೆ. ಗಾಡಿ ಹತ್ತುತ್ತದೆ, ಅಂಕಿ ಕುಣಿಯುತ್ತದೆ, ನಿಲ್ಲುತ್ತದೆ. ಹೊಸ ಪ್ರೋಗ್ರಾಂ ತೂಕವನ್ನು ಕೇಳುವುದೇ ಇಲ್ಲ. ತೂಕ ತಾನೇ ಬರುತ್ತಿರುತ್ತದೆ. ಬಂದ ತೂಕ ಕದಲದೆ ನಿಂತಾಗ ಮಾತ್ರ ಚೀಟಿಯ ಬಟನ್ನಿಗೆ ಜೀವ ಬರುತ್ತದೆ. ಹಾಸು ಖಾಲಿಯಾದ ಕೂಡಲೆ ಹಿಂದಿನ ತೂಕ ಅಳಿಸಿಹೋಗುತ್ತದೆ. ಹೊಸ ಭಾಷೆ ಹುಟ್ಟಿದ್ದೇ ಹೀಗೆ ನಡೆಯಲು. ಅದನ್ನು ಅದರ ದಾರಿಗೆ ಬಿಟ್ಟ ಮೇಲೆ ನನ್ನ ಹಳೆಯದಕ್ಕಿಂತ ಚಿಕ್ಕದಾಗಿ, ಚೊಕ್ಕವಾಗಿ ಬಂತು. ಗುಡವಿ ಕಡೆಯ ಟವರು ಹೋದಾಗ ಫೋನಿಗೆ ತೂಕ ಹೋಗದೆ ಒಂದೆರಡು ಪೇಚಾಟ ಆದವು. ಚೀಟಿಗಳನ್ನು ಕಂಪ್ಯೂಟರಿನಲ್ಲೇ ಹಿಡಿದಿಟ್ಟು ನೆಟ್‌ವರ್ಕ್ ಬಂದ ಮೇಲೆ ಕಳಿಸುವಂತೆ ಮಾಡಿದೆ.

ಅಕ್ಕ ದಿನಾ ಸಂಜೆ ಎರಡೂ ಚೀಟಿಗಳನ್ನು ಜೋಡಿ ಮಾಡಿ ನೋಡುತ್ತಿದ್ದರು. "ಇವತ್ತೂ ತಪ್ಪು ಸಿಗ್ಲಿಲ್ಲ ಮಾರಾಯ್ರೆ. ಹ್ಯಾಗೆ ಹೊತ್ತು ಹೋಗದು?" ಎನ್ನುತ್ತಿದ್ದರು. ಭತ್ತ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ದೇವರ ಚೀಟಿಯನ್ನು ಹೊಸದರಲ್ಲಿ ಮಾತ್ರ ತೆಗೆದರು. ಅವರ ಮಾತಿನ ಮೇಲೆ ಸೊರಬ ಕಡೆಯ ಇನ್ನೊಂದೆರಡು ಮಿಲ್ಲಿನವರು ನನ್ನನ್ನು ಕರೆದರು.

ಶಿಕಾರಿಪುರಕ್ಕೂ ಹೋದೆ. ಸಾಹುಕಾರರು ಕೂರಿಸಿ, ಚಹಾ ತರಿಸಿ, ನನ್ನ ಹೊಸದನ್ನು ಪೂರ್ತಿ ನೋಡಿದರು.

"ಚೆನ್ನಾಗೈತ್ರಿ. ಅವರದಕ್ಕಿಂತ ಚೆನ್ನಾಗೈತೆ, ಸುಳ್ಳು ಯಾಕೆ?" ಎಂದರು. "ಆದ್ರೆ ನಮ್ಮ ಗುಮಾಸ್ತರು ಅವರದಕ್ಕೆ ಕೈ ಹೊಂದಿಸ್ಕೊಂಡಾರೆ. ಮತ್ತೆ ಬದಲ್ಸು ಅಂತ ಯಾವ ಬಾಯಿಲೆ ಹೇಳ್ಲಿ?"

ಕ್ಯಾಬಿನ್ನಿನ ಕಡೆ ನೋಡಿದೆ. ನನ್ನ ಪ್ರೋಗ್ರಾಮನ್ನು ಇಷ್ಟು ವರ್ಷ ಒತ್ತಿದ ಗುಮಾಸ್ತರು ಬೇರೆ ಬಣ್ಣದ ಪರದೆಯ ಮುಂದೆ ಆರಾಮಾಗಿ ಕೂತಿದ್ದರು. ಅವರು ಹೊಸದನ್ನು ಕಲಿತದ್ದು ವಾರದೊಳಗೆ ಎಂದು ಆಮೇಲೆ ಕೇಳಿ ತಿಳಿದೆ. ಕೈ ಎತ್ತಿ ನಮಸ್ಕಾರ ಮಾಡಿದರು. ನಾನೂ ಮಾಡಿ ಹೊರಟೆ.

ನಿಮ್ಮ ಊರಿನಲ್ಲಿ ನೀವೊಬ್ಬರೇ ಈ ಕೆಲಸ ಮಾಡುವವರಾಗಿದ್ದು, ಹೊಸದೊಂದನ್ನು ಕಲಿಯುವ ಕಾಲ ಬಂದಿದ್ದರೆ, ನನ್ನಿಂದ ಇಷ್ಟು ಕೇಳಿ. ಯಾವ ಫ್ರೇಮ್‌ವರ್ಕು ಎಂದು ತಲೆ ಕೆಡಿಸಿಕೊಳ್ಳಬೇಡಿ, ಅದು ಬರುತ್ತದೆ, ಹೋಗುತ್ತದೆ. ಆದರೆ ಭಾಷೆಯ ಮೊದಲ ಅಧ್ಯಾಯವನ್ನು ಮಾತ್ರ ಹಾರಿಸಬೇಡಿ, ಎಷ್ಟೇ ಅನುಭವ ಇರಲಿ, ಅನುಭವ ಇದ್ದರಂತೂ ಇನ್ನೂ ಹಾರಿಸಬೇಡಿ. ಹಳೆಯ ಪ್ರೋಗ್ರಾಮನ್ನು ಗಿರಾಕಿಯ ಹತ್ತಿರ ಓಡಲು ಬಿಡಿ, ನಿಮ್ಮ ಪರದೆಯಿಂದ ಮಾತ್ರ ತೆಗೆಯಿರಿ. ಪರೀಕ್ಷೆ ಮಾಡುವಾಗ ಒಂದೇ ಲಾರಿಯನ್ನು ಹತ್ತು ಸಲ ಹತ್ತಿಸಿ ಖುಷಿಪಡಬೇಡಿ. ಖಾಲಿ ಹಾಸಿನ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಲಾರಿ, ಹಾಗೆ ಹತ್ತಿಸಿ. 'ಇನ್ನೊಂದು ಸಲ ಒತ್ತಿ ನೋಡಿ' ಎಂದು ನಿಮ್ಮ ಬಾಯಲ್ಲಿ ಬಂದರೆ ಅಲ್ಲೇ ನಿಲ್ಲಿ, ತಪ್ಪು ಆ ಮಾತಿನ ಕೆಳಗೇ ಇದೆ. ತಿಳಿದವರು ಸಿಗಲಿಲ್ಲವೆಂದು ಬಾಯಿ ಮುಚ್ಚಿಕೊಂಡು ಕೂರಬೇಡಿ, ತಿಳಿಯದವರಿಗೇ ಹೇಳಿ. ಅವರು ನಕ್ಕು ಆಡಿದ ಮಾತನ್ನು ಬಿಡದೆ ಕೇಳಿಸಿಕೊಳ್ಳಿ. ಮತ್ತು ಮೊದಲ ಗಿರಾಕಿಯನ್ನು ಆರಿಸುವಾಗ ದೊಡ್ಡವರನ್ನು, ಹೊಗಳುವವರನ್ನು ಹುಡುಕಬೇಡಿ. ಬೈದರೂ ಬಾಗಿಲು ಹಾಕದವರನ್ನು ಹುಡುಕಿ. ಇಡೀ ತಾಲ್ಲೂಕಿಗೆ ಅಂಥವರು ಒಬ್ಬರು ಸಿಕ್ಕರೆ ನಿಮ್ಮ ಪುಣ್ಯ. ಅವರ ಹತ್ತಿರ ದರದ ಮಾತು ಆಮೇಲೆ ಆಡಿ. ಮೊದಲು ಒಳಗೆ ಕೂರಲು ಒಂದು ಕುರ್ಚಿ ಕೇಳಿ.